ನಟ್ಟು

"ಬಿಲ್ಕೀಸಕ್ಕ, ಇದರ ಹಲ್ಲು ಮುರದದ" ಅಂತ
ಅವ್ವನ ಸೆಟ್ಟು ಒಯ್ಲಕ ಬಂದ ಸಾಯಬಣ್ಣ
ಬೆನ್ನ ಮ್ಯಾಲಿನ ಗಿಟಾರ ತೆಗದು
ಪ್ಲಾಸ್ಟರಿನ ಅಚ್ಚುಗಳ ನಡುವ ಮಲಗಿಸಿದ.
ಯಾರ್ಯಾರದೋ ಬಾಯಿಗಳು ಸರದು ಜಾಗ ಕೊಟ್ಟವು.

ಕೊರಳಿನ ತುದಿಗಿ, ತಂತಿ ತಿರುವೋ ಕಿವಿಗಳಿಗಿಂತ ಜರಾ ಮುಂಚೆ,
ಬಿಳಿ ಪ್ಲಾಸ್ಟಿಕ್ಕಿನ ತುಣುಕು.
ಅಂಚು ಸಿಡದು ದಪ್ಪ ತಂತಿ ಜಾರಿತ್ತು.
"ಇದಕ್ಕ ನಟ್ಟು ಅಂತಾರಕ್ಕ."
"ಬೋಲ್ಟೆಲ್ಲದ?" ಅಂದೆ.
ನಕ್ಕ. ನಾಳಿ ಸಂಜಿಗಿ ಸೇಡಮದಾಗ ಮದುವಿ, ಆರ್ಕೆಸ್ಟ್ರಾ,
ಹೈದರಾಬಾದಿಗಿ ಹೋಗಿ ಬರ್ಲಕ ಟೈಮಿಲ್ಲ.

ಡ್ರಾವರಿನಾಗ ಅಬ್ಬಾನ ಮೇಣದ ಚಾಕು ಇತ್ತು.
ಸೂಪರ್ ಮಾರ್ಕೆಟ್ಟಿನ ಫುಟ್‌ಪಾತಿನ ಮ್ಯಾಲ ಛತ್ರಿ ಹಾಕಿ
ಅರ್ಧ ಕಲಬುರಗಿಗಿ ಹಲ್ಲು ಕಟ್ಟಿದ ಚಾಕು.
ಅಲಗು ಸವೆದು ಸೂಜಿ ಆಗಿತ್ತು,
ಹಿಡಿ ಮಾತ್ರ ಹಂಗೇ. ಎಮ್ಮಿ ಎಲುಬು.
ಅವರ ಹೆಬ್ಬೆರಳು ಕೂತ ಕಡಿ ಒಂದು ತಗ್ಗು.
ಒಂದು ಚಹಾ ಕುಡದೆ.
ತಗ್ಗು ಬಿಟ್ಟು ಕೊಯ್ದೆ.

ಹಳಿ ತುಣುಕಿಗಿ ಯಾರೋ ಫೆವಿಕ್ವಿಕ್ ಸುರದಿದ್ದರು,
ಬಿಡಲೊಲ್ಲದು. ಕಟ್ಟಿಗಿ ಇಟ್ಟು ಬಾಜೂದಿಂದ ಮೆಲ್ಲಕ ಬಡದರ
ಕೊರಳಿಂದೇ ಒಂದು ಚೂರು ಕಿತ್ತುಕೊಂಡು ಬಂತು.
ಸಿಟ್ಟು ಬಂತು ನನಗ.
ಇಷ್ಟ್ಯಾಕ ಅಂಟಸಬೇಕು?
ಮುಂದ ಇನ್ನೊಬ್ಬ ಬರ್ತಾನ, ಬಿಡಸ್ತಾನ
ಅನ್ನೋ ಖಬರು ಬ್ಯಾಡ?

ಗಾಜಿನ ಮ್ಯಾಲ ಪಾಲೀಶ್ ಪೇಪರ್ ಹಾಸಿ
ಒಂದೇ ದಿಕ್ಕಿಗಿ ತಿಕ್ಕಿದೆ. ಅದೇ ವಾಸನಿ, ಹಲ್ಲಿಂದು.
ಕಚ್ಚು ನೋಡೋ ನೀಲಿ ಕಾಗದ ಕೆಳಗಿಟ್ಟು ಒತ್ತಿದರ
ಎತ್ತರ ಇದ್ದಲ್ಲಿ ನೀಲಿ ಚುಕ್ಕಿ.
ತಿಕ್ಕು. ಒತ್ತು. ಮತ್ತ ಚುಕ್ಕಿ.
ಭೀಮಬಾಯಿಗಿ ಮೂರು ಸಲ ಕರಸಿ ಮಾಡಿದ್ದೂ ಇದೇ:
"ಕಚ್ಚ್ರಿ, ಬಿಡ್ರಿ, ಈ ಕಡಿ ಹತ್ತತದೇನು?"
ಕೊರಳು ಹೇಳಲ್ಲ.
ಬೆಳಕಿಗಿ ಹಿಡದು ನಾನೇ ನೋಡಬೇಕು, ಸಂದಿನಾಗ ಬಿಸಲು ಬರ್ತದೇನು ಅಂತ.

ಆರು ಗೆರಿ. ನಟ್ಟ ನಡುವಿಂದ ನಡುವಿಗಿ ಅಳದು ಕೊಯ್ದರ ತಪ್ಪು.
ದಪ್ಪಂದು ಜಾಗ ಜಾಸ್ತಿ ತಿಂತದ,
ಸಮ ಇರಬೇಕಾದ್ದು ತಂತಿ ತಂತಿಯ ನಡುವಿನ ಬಯಲು.
ಡಾಕ್ಟರು ಬೇರಿನ ನಾಳ ತೊಳದು ಬಿಸಾಕೋ ಫೈಲುಗಳು
ನನ್ನ ಡಬ್ಬಿಯೊಳಗ ಜಮಾ ಆಗ್ಯಾವ:
ಎಲ್ಲಕ್ಕಿಂತ ಸಣ್ಣ ತಂತಿಗಿ ಇಪ್ಪತ್ತೈದು ನಂಬರು
ಹೊಂದಿ ಕೂತಿತು, ಅರ್ಧ ಕೂದಲೂ ಹೆಚ್ಚಿಲ್ಲ.
ಹಿಂದಕ ಇಳಿಜಾರು ಕೊಡಬೇಕು, ಇಲ್ಲಂದರ ಝುಂಯ್ ಅಂತದ.
ಜವಾರಿ ಅನ್ನೋದು ಸಿತಾರಿಗಿ ಚಂದ, ರೊಟ್ಟಿಗಿ ಚಂದ,
ಇದಕ್ಕ ಬ್ಯಾಡ.
ಆಳ ಹೋದರ ಮುಗೀತು.
ತೆಗದದ್ದು ತೆಗದದ್ದೇ, ತಿರುಗಿ ಬೆಳಿಯಲ್ಲ;
ಇದೊಂದು ಮಾತಿಗಿ ಅಬ್ಬಾ
ನನ್ನ ಬೆರಳ ಮ್ಯಾಲ ಇದೇ ಹಿಡಿಲೆ ಎಷ್ಟು ಸಲ ಹೊಡದಾರ.

ಕಡೀಕ ಫೆವಿಕಾಲ್. ಎರಡು ಹನಿ, ಎಳ್ಳಿನಷ್ಟು.
"ಇಷ್ಟೇ ಏನಕ್ಕ?"
ಇಷ್ಟೇ. ತಂತಿ ಬದಲಿಸೋ ಮುಂದ ಕೆಳಗ ಬೀಳಬಾರದು, ಅಷ್ಟಕ್ಕ.
ಉಳದದ್ದು ತಂತಿಗಳೇ ಒತ್ತಿ ಹಿಡೀತಾವ.
ನಿಮ್ಮವ್ವನ ಸೆಟ್ಟಿಗಿ ಇಷ್ಟೂ ಇಲ್ಲ,
ಬರೇ ಉಗುಳು, ಗಾಳಿ.

ತಂತಿ ಏರಿಸಿ ಕಿವಿ ತಿರುವಿದ.
ಆಂಪ್ ತಂದಿಲ್ಲ, ತಂದಿದ್ದರೂ ಕರೆಂಟ್ ಹೋಗಿತ್ತು.
ಹೊಟ್ಟಿ ಇಲ್ಲದ ವಾದ್ಯ, ಇಡೀ ಕಟ್ಟಿಗಿ,
ನೊಣ ಗಾಜಿಗಿ ಬಡದಷ್ಟು ಸಪ್ಪಳ.
ಬಾಗಿ, ಗಿಟಾರಿನ ಕೋಡು ಹಲ್ಲಿಲೆ ಕಚ್ಚಿದೆ,
ಮೀಟು ಅಂತ ಗೋಣು ಹಾಕಿದೆ.

ದವಡಿಯೊಳಗ ಬಂತದು.
ದಪ್ಪ ತಂತಿ ಮೊದಲು, ಕಲ್ಲಿನ ಖಣಿಯೊಳಗ ಯಾರೋ ಕರದಂಗ,
ಆಮ್ಯಾಲ ಒಂದೊಂದೇ ಸಣ್ಣವು, ಕಣ್ಣಿನ ಹಿಂದತನ.
ಅವ ಬೆರಳು ಒತ್ತಿದ.
ಎಲುಬು ಸುಮ್ಮಾಯಿತು. ಬೆರಳು ಕೂತ ಮ್ಯಾಲ
ಅದಕ್ಕೇನು ಕೆಲಸಿಲ್ಲ;
ಯಾರೂ ಒತ್ತದಿದ್ದಾಗಷ್ಟೇ ಅದರ ಮಾತು.

ಸಾಯಬಣ್ಣ ಏನೋ ಕೇಳಲತ್ತಿದ್ದ,
ರೊಕ್ಕ ಎಷ್ಟಂತ ಇರಬೇಕು.
ಬಾಯಿ ಬಿಟ್ಟರ ನಿಂತು ಹೋಗ್ತಿತ್ತು.
ಕೈಲೆ ಸನ್ನಿ ಮಾಡಿದೆ:
ಒತ್ತಬ್ಯಾಡ, ಇನ್ನೊಂದು ಸಲ.